ಎರಡನೆಯ ಪುಸ್ತಕ ಬರೆಯದೇ ಉಳಿದವರು

2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ. ಸಾವಿರಕ್ಕೆ ಒಬ್ಬರಂತೆ ಕೊಂಡರೂ ಒಂದು ಪುಸ್ತಕದ 1,390 ಪ್ರತಿ ಖರ್ಚಾಗಬೇಕು. ಆದರೆ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಕೂತು ಬರೆದವರು ಐನೂರು ಪ್ರತಿ ಅಚ್ಚು ಹಾಕಿಸಲೂ ಹಿಂಜರಿಯುತ್ತಾರೆ. ಅಚ್ಚಾದದ್ದರಲ್ಲಿ ಎಷ್ಟೋ ಪ್ರತಿಗಳು ಗೌರವ ಪ್ರತಿಯಾಗಿ ಹಂಚಿಹೋಗುತ್ತವೆ, ಮಿಕ್ಕವು ಮನೆಯ ಅಟ್ಟ ಸೇರುತ್ತವೆ. ಬರುವ ಹತ್ತಿಪ್ಪತ್ತು ವರ್ಷಗಳಲ್ಲಿ ಇದರ ಪೆಟ್ಟು ಬೀಳುವುದು ಬರೆಯುವವರ ಮೇಲಷ್ಟೇ ಅಲ್ಲ, ಈ ಸೀಮೆಯ ನೆನಪಿನ ಮೇಲೆ.

ಲೆಕ್ಕ ನೋಡಿ. 200 ರೂಪಾಯಿಯ ಪುಸ್ತಕಕ್ಕೆ ಶೇ. 10ರಷ್ಟು ಗೌರವಧನವೆಂದರೆ ಪ್ರತಿಗೆ 20 ರೂಪಾಯಿ. ಐನೂರೂ ಮಾರಿಹೋದರೆ 10,000. ವರ್ಷಗಟ್ಟಲೆಯ ದುಡಿಮೆಗೆ ಇಷ್ಟು, ಅದೂ ಪ್ರಕಾಶಕರು ಸಿಕ್ಕಿದರೆ. ಸಿಗದವರು ಸ್ವಂತ ರೊಕ್ಕ ಹಾಕಿ ಪುಸ್ತಕ ಮಾಡಿಸುತ್ತಾರೆ. ಹಾಕಿದ್ದು ತಿರುಗಿ ಬರದಿದ್ದರೆ ಎರಡನೆಯ ಪುಸ್ತಕಕ್ಕೆ ಮನೆಯವರೇ ಒಪ್ಪುವುದಿಲ್ಲ.

ಕನ್ನಡ ಪ್ರಕಾಶನ ಬಹುಕಾಲದಿಂದ ನೆಚ್ಚಿಕೊಂಡಿರುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ನಾವೇ ಗ್ರಂಥಾಲಯ ಕರ ಕಟ್ಟುತ್ತೇವೆ. ಆಯ್ಕೆಯಾದ ಪುಸ್ತಕದ 300 ಪ್ರತಿಯನ್ನು ಇಲಾಖೆ ಕೊಳ್ಳುವುದು ರೂಢಿ. ಈ ಖರೀದಿ ವರ್ಷಗಟ್ಟಲೆ ತಡವಾದಾಗ ಸಣ್ಣ ಪ್ರಕಾಶಕರ ಹಣ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಮುಂದಿನ ಹಸ್ತಪ್ರತಿ ವಾಪಸು ಹೋಗುತ್ತದೆ. ಒಬ್ಬನೇ ಗಿರಾಕಿಯನ್ನು ನಂಬಿದ ಯಾವ ವ್ಯಾಪಾರವೂ ಬಾಳುವುದಿಲ್ಲ.

ದೊಡ್ಡ ಮಾರುಕಟ್ಟೆಯಿದ್ದರೆ ಲೇಖಕರು ಬದುಕುತ್ತಾರೆ ಎನ್ನುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ ಬರವಣಿಗೆಯನ್ನೇ ಮುಖ್ಯ ಕಸುಬಾಗಿಸಿಕೊಂಡವರ ಮಧ್ಯಮಾಂಕ ವರಮಾನ 2006ರಲ್ಲಿ 12,330 ಪೌಂಡ್ ಇದ್ದದ್ದು 2022ರ ಸಮೀಕ್ಷೆಯ ಹೊತ್ತಿಗೆ 7,000ಕ್ಕೆ ಇಳಿದಿತ್ತು.

ಇಲಾಖೆ, ಮಾರುಕಟ್ಟೆ ಎರಡನ್ನೂ ನೆಚ್ಚುವಂತಿಲ್ಲವೆಂದ ಮೇಲೆ ಉಳಿದವರು ಓದುಗರು. ಹಾಗಾದರೆ ಓದುಗರೊಬ್ಬರ ಮಾತಿಗೆ ಎಷ್ಟು ತೂಕ? 2006ರಲ್ಲಿ ಸಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಹೆಸರು ಮಾಡಿರದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿಗೆ ಬೇರೆಯವರ ಆಯ್ಕೆ ಕಾಣದು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಡೌನ್‌ಲೋಡ್ ಮಾಡಿಕೊಂಡರೆಂದು ತೋರಿಸಿದರು. ಒಂದೇ ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು! ತೀರ ಚೆನ್ನಾದವು ಸೋತದ್ದು ಅಪರೂಪ, ತೀರ ಕಳಪೆಯವು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹವನ್ನು ಬಹುಮಟ್ಟಿಗೆ ಬರೆದವರು ಮೊದಲು ಕೇಳಿದ ಕೆಲವರು. ಪುಸ್ತಕಕ್ಕೂ ಇದೇ ಮಾತು ಸಲ್ಲುತ್ತದೆಂದು ನಾನು ನಂಬುತ್ತೇನೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ವೇದಿಕೆಯಿಂದ ವೇದಿಕೆಗೆ ಹಾಸ್ಯಲೇಖಕ ಬೀಚಿಯವರ ಹೆಸರು ಹೇಳುತ್ತ ಬಂದರು. 1980ರಲ್ಲಿ ತೀರಿಕೊಂಡ ಆ ಲೇಖಕರನ್ನು ಆಮೇಲೆ ಹುಟ್ಟಿದವರೂ ಹುಡುಕಿಕೊಂಡು ಓದಿದರು. ಬದುಕಿರುವವರಿಗೆ ಅಂಥ ಬಾಯಿಗಳು ಬೇಡವೇ?

ಅಂಥ ಬಾಯಿಗಳಿಲ್ಲದಿದ್ದರೆ ಈ ಸೀಮೆ ಕಳೆದುಕೊಳ್ಳುವುದೇನೆಂದು ನೋಡಿ. ಕವಿರಾಜಮಾರ್ಗ ಕನ್ನಡದ ತಿರುಳಿನ ಊರುಗಳಲ್ಲಿ ಎಣಿಸಿದ್ದು ಈ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು. ಕವಿ ಸಿದ್ಧಯ್ಯ ಪುರಾಣಿಕರು ಹುಟ್ಟಿದ್ದು ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ. ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಕಥೆ, ಕಿನ್ನಾಳದ ಚಿತ್ರಗಾರರ ಕಸುಬಿನ ಮಾತು, ಎರೆಹೊಲದ ನುಡಿ, ದುಡಿಯಲು ಗುಳೆ ಹೋದವರ ಪಾಡು, ಇವನ್ನೆಲ್ಲ ಇಲ್ಲಿಯವರಷ್ಟು ಒಳಗಿನಿಂದ ಇನ್ಯಾರು ಬರೆದಾರು? ಅಣೆಕಟ್ಟು ಕಟ್ಟಿದ ಕಾಲವನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತರ ಆಸುಪಾಸು. ಅವರ ನೆನಪು ಬರಹಕ್ಕಿಳಿಯಲು ಉಳಿದಿರುವ ಕಾಲ ಕಡಿಮೆ.

ಆದ್ದರಿಂದ ಬಿಡುಗಡೆ ಸಮಾರಂಭದಲ್ಲಿ ಗೌರವ ಪ್ರತಿಗೆ ಕೈಚಾಚಬೇಡಿ, ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. ಓದಿದ್ದು ಹಿಡಿಸಿದರೆ ಯಾಕೆ ಹಿಡಿಸಿತೆಂದು ನಾಲ್ಕು ಮಂದಿಗೆ ಹೇಳಿ. ಹಿಡಿಸದಿದ್ದರೆ ಸುಳ್ಳು ಹೊಗಳಿಕೆ ಬೇಡ, ಅದರಿಂದ ಮುಂದಿನ ಶಿಫಾರಸಿನ ಬೆಲೆಯೂ ಹೋಗುತ್ತದೆ. ಮದುವೆ, ಗೃಹಪ್ರವೇಶ, ನಿವೃತ್ತಿ ಸಮಾರಂಭಗಳಲ್ಲಿ ಶಾಲು ಹಾರದ ಬದಲು ಜಿಲ್ಲೆಯ ಲೇಖಕರ ಪುಸ್ತಕ ಕೊಡಿ. ಒಂದೊಂದು ತಾಲ್ಲೂಕಿನಲ್ಲಿ ನೂರು ಮಂದಿ ಹೀಗೆ ಮಾಡಿದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲ್ಲೂಕುಗಳೇ ಸೇರಿ 400 ಪ್ರತಿಯಾಯಿತು. ಇಲಾಖೆ ಕೊಳ್ಳುವುದಕ್ಕಿಂತ ನೂರು ಹೆಚ್ಚು.