ಕುದುರೆಗೆ ಮದ್ದು, ದುಡ್ಡು ಕಟ್ಟಿದವನಿಗೆ ನಾಮ!

ರೇಸ್ ಗೆದ್ದ ಕುದುರೆಯ ರಕ್ತ, ಮೂತ್ರ ಪರೀಕ್ಷೆಗೆ ಹೋಗುತ್ತೆ. ಆದರೆ ಅದರ ವರದಿ ಬರೋ ಹೊತ್ತಿಗೆ ಟಿಕೆಟ್ಟಿನ ದುಡ್ಡು ಕಿಟಕಿಯಲ್ಲಿ ಬಟವಾಡೆ ಆಗಿ ಹೋಗಿರುತ್ತೆ. ಮದ್ದು ಸಿಕ್ಕಿತು ಅಂತಾದರೆ ಮುಳುಗಿದವನು ಯಾರು ಸ್ವಾಮಿ? ಎರಡನೇ ಕುದುರೆ ಗೆಲ್ಲುತ್ತೆ ಅಂತ ಕಟ್ಟಿದವನು!

ಅಮೆರಿಕದಲ್ಲಿ ಆಗಿದ್ದೂ ಇದೇ. 2021ರ ಮೇ 1ರಂದು ಕೆಂಟುಕಿ ಡರ್ಬಿಯಲ್ಲಿ ಮೊದಲು ಬಂದದ್ದು ಮೆಡಿನಾ ಸ್ಪಿರಿಟ್. ಮರಿಯಾಗಿದ್ದಾಗ ಬರೀ ಸಾವಿರ ಡಾಲರಿಗೆ ಹರಾಜಾಗಿದ್ದ ಕುದುರೆ. ಡರ್ಬಿಯ ಬಹುಮಾನ 18.6 ಲಕ್ಷ ಡಾಲರ್. ಪರೀಕ್ಷೆಯಲ್ಲಿ ಬೀಟಾಮೆಥಾಸೋನ್ ಸಿಕ್ಕಿತು. ಬಾವು ಇಳಿಸುವ ಔಷಧಿ ಅದು. ಚಿಕಿತ್ಸೆಗೆ ಕೊಡಬಹುದು, ರೇಸಿನ ದಿನ ಮೈಯಲ್ಲಿ ಇರಕೂಡದು. ಚರ್ಮಕ್ಕೆ ಹಚ್ಚಿದ ಮುಲಾಮಿನಿಂದ ಬಂತು ಅಂತ ತರಬೇತುದಾರ ಬಾಬ್ ಬಾಫರ್ಟ್ ಕಡೆಯವರ ವಾದ.

ವಾದ ನಡೆಯಲಿಲ್ಲ. 2022ರ ಫೆಬ್ರವರಿಯಲ್ಲಿ ಗೆಲುವು ರದ್ದಾಗಿ, ಎರಡನೆಯದಾಗಿ ಬಂದಿದ್ದ ಮಾಂಡಲೂನ್‌ಗೆ ಪಟ್ಟ. ಮಾಂಡಲೂನ್ ಗೆಲ್ಲುತ್ತೆ ಅಂತ ಕಟ್ಟಿದವರ ಕೈಗೆ? ಚಿಪ್ಪು! ಮೆಡಿನಾ ಸ್ಪಿರಿಟ್ ಅಷ್ಟರಲ್ಲಾಗಲೇ, 2021ರ ಡಿಸೆಂಬರಿನಲ್ಲಿ, ಅಭ್ಯಾಸದ ಓಟ ಮುಗಿಸಿ ಸತ್ತುಬಿದ್ದಿತ್ತು.

ತರಬೇತುದಾರನಿಗೆ ಶಿಕ್ಷೆ 90 ದಿನ ಅಮಾನತು, 7,500 ಡಾಲರ್ ದಂಡ. ಅಂಗಡಿ ಲೆಕ್ಕದಲ್ಲಿ ಹೇಳೋದಾದರೆ ನೂರು ರೂಪಾಯಿ ಬಹುಮಾನಕ್ಕೆ ನಲವತ್ತು ಪೈಸೆ ದಂಡ. ಡರ್ಬಿ ನಡೆಸುವ ಚರ್ಚಿಲ್ ಡೌನ್ಸ್ ಸಂಸ್ಥೆ ಮಾತ್ರ ಬೇರೆಯಾಗಿಯೇ ತನ್ನ ಬಾಗಿಲು ಹಾಕಿತು. ಅದು ತೆರೆದದ್ದು 2024ರ ಜುಲೈನಲ್ಲಿ.

ಇನ್ನೊಂದು ಕತೆ ಮುಲಾಮಿನದಲ್ಲ, ಹಸಿ ಮೋಸದ್ದು. ಹೋರ್ಹೆ ನವಾರೋ ಎಂಬ ತರಬೇತುದಾರ ಕುದುರೆಗಳಿಗೆ ಮದ್ದು ಕೊಟ್ಟದ್ದನ್ನು ಕೋರ್ಟಿನಲ್ಲೇ ಒಪ್ಪಿಕೊಂಡ. 2021ರ ಡಿಸೆಂಬರಿನಲ್ಲಿ ಐದು ವರ್ಷ ಜೈಲು, ಮೇಲೆ ಎರಡೂವರೆ ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಕಟ್ಟುವ ಆದೇಶ. ಜೇಸನ್ ಸರ್ವಿಸ್‌ಗೆ 2023ರಲ್ಲಿ ನಾಲ್ಕು ವರ್ಷ.

ಮೊದಲು ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. 2023ರ ಮೇ ತಿಂಗಳಿಂದ ಬಹುತೇಕ ಕಡೆ ಒಂದೇ ನಿಯಮ. ನಿಷೇಧಿತ ಮದ್ದು ಸಿಕ್ಕರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಹೊರಗೆ. ಕುದುರೆಯೂ ಲಾಯದಲ್ಲೇ. ಇದು ಬೇಕಾಗಿತ್ತು ಅಂತಲೇ ನಮ್ಮ ಅಭಿಪ್ರಾಯ.

ರೇಸು ಬರೀ ಅದೃಷ್ಟದಾಟವಲ್ಲ, ಕೌಶಲದಾಟ ಅಂತ ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದೆ. ಬೆಂಗಳೂರು, ಮೈಸೂರಲ್ಲಿ ಪುಸ್ತಕ ಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿ, ಕುದುರೆಯ ಜಾತಕ ಜಾಲಾಡೋರು ಇರೋದೂ ಅದಕ್ಕೇ. ಆದರೆ ಸೂಜಿಯೊಳಗೇನಿತ್ತು ಅನ್ನೋದು ಯಾವ ರೇಸ್ ಪುಸ್ತಕದಲ್ಲಿ ಅಚ್ಚಾಗಿರುತ್ತೆ, ಹೇಳಿ?