ಬಿಡದ ತಲೆನೋವು, ಫಿಟ್ಸ್: ಎಚ್‌ಐವಿ ಇರುವುದನ್ನು ಮುಚ್ಚಿಟ್ಟರೆ ರೋಗ ಪತ್ತೆ ತಡ

ದಿನಗಟ್ಟಲೆ ಬಿಡದ ತಲೆನೋವು, ಜ್ವರ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಇದ್ದಕ್ಕಿದ್ದಂತೆ ಫಿಟ್ಸ್. ಇಷ್ಟು ಕಂಡರೆ ಮನೆಯವರು ಲಕ್ವ ಅಂದುಕೊಳ್ಳೋದು ಸಹಜ. ಆದರೆ ಎಚ್‌ಐವಿ ಇದ್ದು ಮಾತ್ರೆ ಬಿಟ್ಟವರಲ್ಲಿ, ಎಚ್‌ಐವಿ ಇರೋದೇ ಗೊತ್ತಿಲ್ಲದವರಲ್ಲಿ ಇದು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯಿಂದ ಮೆದುಳಿಗೆ ತಗುಲಿದ ಸೋಂಕೂ ಆಗಿರಬಹುದು.

ಎಲ್ಲಿಂದ ಬರುತ್ತೆ?

ಬೆಕ್ಕಿನ ಮಲ ಸೇರಿದ ಮಣ್ಣು, ನೀರು, ತೊಳೆಯದ ತರಕಾರಿ, ಸರಿಯಾಗಿ ಬೇಯದ ಮಾಂಸದಿಂದ ಇದು ದೇಹ ಸೇರುತ್ತದೆ. ಆರೋಗ್ಯವಂತರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿ, ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದಾಗ ಮೆದುಳಿನಲ್ಲಿ ತಲೆ ಎತ್ತುವ ಅಪಾಯ ಹೆಚ್ಚು.

ಒಂದೇ ಪರೀಕ್ಷೆ ಸಾಲದು

ರಕ್ತದ ಐಜಿಜಿ ಪರೀಕ್ಷೆ ಪಾಸಿಟಿವ್ ಬಂದರೆ ಸೋಂಕು ಎಂದೋ ತಗುಲಿತ್ತು ಎಂದಷ್ಟೇ ಅರ್ಥ. ನೆಗೆಟಿವ್ ಬಂದರೆ ಈ ಕಾಯಿಲೆಯ ಸಾಧ್ಯತೆ ಕಡಿಮೆ. ಕಾಂಟ್ರಾಸ್ಟ್ ಹಾಕಿ ಮಾಡುವ ಎಂಆರ್‌ಐ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಉಂಗುರದಂಥ ಹಲವು ಕಲೆಗಳು ಕಾಣುತ್ತವೆ. ಸಣ್ಣ ಕಲೆಗಳನ್ನು ಸಿಟಿ ಸ್ಕ್ಯಾನ್ ತಪ್ಪಿಸಬಹುದು. ತೊಡಕೆಂದರೆ, ಟಿಬಿ ಗಂಟು, ಲಾಡಿಹುಳುವಿನ ಗುಳ್ಳೆ, ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು.

ಬೆನ್ನುಹುರಿಯ ದ್ರವದ ಪಿಸಿಆರ್ ಪಾಸಿಟಿವ್ ಆದರೆ ಬಲವಾದ ಸಾಕ್ಷಿ. ನೆಗೆಟಿವ್ ಬಂದರೂ ಕಾಯಿಲೆ ಇಲ್ಲ ಎನ್ನುವಂತಿಲ್ಲ. ಮೆದುಳಿನಲ್ಲಿ ಒತ್ತಡ ಹೆಚ್ಚಿದ್ದರೆ ಆ ದ್ರವ ತೆಗೆಯುವುದೇ ಅಪಾಯ.

ಚಿಕಿತ್ಸೆಯೇ ಪರೀಕ್ಷೆ

ಹಾಗಾಗಿ ಲಕ್ಷಣ, ಸಿಡಿ4, ಐಜಿಜಿ, ಸ್ಕ್ಯಾನ್ ನಾಲ್ಕೂ ಹೊಂದಿಕೆಯಾದರೆ ವೈದ್ಯರು ಔಷಧ ಶುರು ಮಾಡುತ್ತಾರೆ. ಎರಡು ವಾರದೊಳಗೆ ರೋಗಿ ಚೇತರಿಸಿಕೊಂಡು, ಮರು ಸ್ಕ್ಯಾನಿನಲ್ಲಿ ಕಲೆಗಳು ಕುಗ್ಗಿದರೆ ಅನುಮಾನ ಸರಿ ಎಂದಾಯ್ತು. ಇಲ್ಲದಿದ್ದರೆ ಮೆದುಳಿನ ಬಯಾಪ್ಸಿ ಬೇಕಾಗಬಹುದು. ತೀರಾ ಅಗತ್ಯವಿಲ್ಲದೆ ಸ್ಟಿರಾಯ್ಡ್ ಕೊಡುವುದಿಲ್ಲ. ಅದರಿಂದ ಲಿಂಫೋಮಾ ಕಲೆಯೂ ಕುಗ್ಗಿ ದಾರಿ ತಪ್ಪಿಸುತ್ತದೆ.

ಹೇಳಿದರೇನೇ ಗೊತ್ತಾಗೋದು

ಎಚ್‌ಐವಿ ಇರುವುದು ತಿಳಿಯದಿದ್ದರೆ ವೈದ್ಯರ ಯೋಚನೆ ಲಕ್ವದ ಕಡೆಗೇ ಹೋಗಬಹುದು. ಕ್ಯಾನ್ಸರ್ ಔಷಧ, ಕಿಡ್ನಿ ಕಸಿಯ ಮಾತ್ರೆ ತೆಗೆದುಕೊಳ್ಳುವವರೂ ಅದನ್ನು ಮೊದಲೇ ಹೇಳಬೇಕು. ಒಪ್ಪಿಗೆಯಿಲ್ಲದೆ ಎಚ್‌ಐವಿ ಮಾಹಿತಿ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿರ್ಬಂಧಿಸಿದೆ.

ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ, ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಸಿಡಿ4 ಕಡಿಮೆ ಇದ್ದವರಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆ ಈ ಸೋಂಕನ್ನೂ ತಡೆಯುತ್ತದೆ. ವೈದ್ಯರು ಹೇಳುವ ತನಕ ಅದನ್ನು ಬಿಡಬಾರದು. ಮಾಹಿತಿಗೆ ಉಚಿತ ಸಹಾಯವಾಣಿ 1097.