ಮಾತ್ರೆಯೊಳಗೆ ಸ್ಯಾಕರಿನ್‌ಗೇನು ಕೆಲಸ?

ಫಿಟ್ಸ್‌ಗೆ ದಶಕಗಳಿಂದ ಕೊಡುತ್ತಿರುವ ಕಾರ್ಬಮಜೆಪಿನ್ ಮಾತ್ರೆಯನ್ನು ಬಚ್ಚಲುಮನೆಯ ಕಪಾಟಿನಲ್ಲಿ ಇಡಬಾರದು. ತೇವ ಸೋಕಿದರೆ ಅದರ ಹರಳುಗಳು ನೀರನ್ನು ಒಳಗೆಳೆದುಕೊಂಡು ಡೈಹೈಡ್ರೇಟ್ ಆಗುತ್ತವೆ. ಮಾತ್ರೆ ಗಡುಸಾಗಿ, ಹೊಟ್ಟೆಯಲ್ಲಿ ಕರಗಲು ಹಟ ಮಾಡುತ್ತದೆ. ಹೀಗಾದ ಮಾತ್ರೆಯ ಪರಿಣಾಮ ಮೂರನೇ ಒಂದು ಪಾಲಿನಷ್ಟು ಕುಗ್ಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತ್ತು. ಅಣುವಿಗೇನೂ ಆಗಿರುವುದಿಲ್ಲ, ಅಣುಗಳು ಕೂತ ರೀತಿ ಬದಲಾಗಿರುತ್ತದೆ, ಅಷ್ಟೆ.

ಹಾಗಿದ್ದರೆ ನೀರು ಬರುವ ಮೊದಲೇ ಆ ಜಾಗದಲ್ಲಿ ಬೇರೆ ಯಾರನ್ನಾದರೂ ಕೂರಿಸಿದರೆ? ಸಹಸ್ಫಟಿಕ, ಅಂದರೆ ಕೋಕ್ರಿಸ್ಟಲ್, ಮಾಡುವುದು ಇದನ್ನೇ. ಔಷಧ ಮತ್ತು ನಿರಪಾಯಕಾರಿಯಾದ ಇನ್ನೊಂದು ವಸ್ತು ನಿಶ್ಚಿತ ಪ್ರಮಾಣದಲ್ಲಿ ಒಂದೇ ಹರಳಿನೊಳಗೆ ಸೇರುತ್ತವೆ. ರಾಸಾಯನಿಕ ಕ್ರಿಯೆ ನಡೆಯುವುದಿಲ್ಲ. ಹೆಚ್ಚಿನ ಪಾಲು ಹಿಡಿದಿಡುವುದು ಹೈಡ್ರೋಜನ್ ಬಂಧ.

ಕಾರ್ಬಮಜೆಪಿನ್‌ನ ತುದಿಯಲ್ಲೊಂದು ಅಮೈಡ್ ಗುಂಪಿದೆ. ಎರಡು ಅಣುಗಳು ಎದುರುಬದುರಾಗಿ, ಒಂದರ ಹೈಡ್ರೋಜನ್ ಇನ್ನೊಂದರ ಆಕ್ಸಿಜನ್ನಿನತ್ತ ಚಾಚಿ, ಎಂಟು ಪರಮಾಣುಗಳ ಉಂಗುರ ಕಟ್ಟುತ್ತವೆ. ಆಮೇಲೂ ಅಮೈಡ್‌ನ ಒಂದೊಂದು ಹೈಡ್ರೋಜನ್ ನಿರುದ್ಯೋಗಿಯಾಗಿ ಉಳಿಯುತ್ತದೆ. ಸಕ್ಕರೆಯ ಬದಲಿಗೆ ಬಳಸುವ ಸ್ಯಾಕರಿನ್ ಕೈಹಾಕುವುದು ಅಲ್ಲಿಗೇ. ತನ್ನ ನೈಟ್ರೋಜನ್ ಮೇಲಿನ ಹೈಡ್ರೋಜನ್ನನ್ನು ಔಷಧದ ಆಕ್ಸಿಜನ್ನಿಗೆ ಕೊಟ್ಟು, ಗಂಧಕಕ್ಕೆ ಅಂಟಿದ ತನ್ನ ಆಕ್ಸಿಜನ್ನಿನಿಂದ ಆ ಉಳಿಕೆ ಹೈಡ್ರೋಜನ್ನನ್ನು ಹಿಡಿದುಕೊಳ್ಳುತ್ತದೆ. ಮೂಲ ಉಂಗುರ ಒಡೆಯುವುದೇ ಇಲ್ಲ.

ಯಾವ ಗುಂಪು ಯಾವುದನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದಕ್ಕೆ ನಿಯಮ ಕಟ್ಟಿದವರಲ್ಲಿ ಮಿನ್ನೆಸೋಟದ ಮಾರ್ಗರೆಟ್ ಎಟರ್ ಮುಖ್ಯರು. ಹೈಡ್ರೋಜನ್ ಬಂಧದಲ್ಲಿ ಅತ್ಯುತ್ತಮ ದಾನಿ ಅತ್ಯುತ್ತಮ ಗ್ರಾಹಿಯನ್ನೇ ಸೇರುತ್ತದೆ ಎಂದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಗೌತಮ್ ದೇಸಿರಾಜು 1995ರಲ್ಲಿ ಇಂಥ ಮರುಕಳಿಸುವ ಜೋಡಣೆಗಳಿಗೆ ‘ಸುಪ್ರಾಮಾಲಿಕ್ಯುಲರ್ ಸಿಂಥಾನ್’ ಎಂಬ ಚೌಕಟ್ಟು ಕೊಟ್ಟರು. ಹರಳನ್ನು ಇಂಜಿನಿಯರಿಂಗ್ ಮಾಡಬಹುದು ಎಂಬ ಧೈರ್ಯ ಬಂದದ್ದು ಅಂಥ ಕೆಲಸದಿಂದ. ಆದರೂ ಹರಳುಗಳು ಹೇಳಿದ ಮಾತು ಕೇಳುವುದು ಕಡಿಮೆಯೇ.

ಮಾಡುವುದು ಬಲು ಸುಲಭ. ಎರಡೂ ಪುಡಿಗಳನ್ನು ಖಲ್ಲಿಗೆ ಹಾಕಿ, ಕೆಲವೇ ಹನಿ ದ್ರಾವಕ ಬಿಟ್ಟು ಅರೆದರೂ ಎಷ್ಟೋ ಸಲ ಸಹಸ್ಫಟಿಕ ಸಿಗುತ್ತದೆ. ಕಷ್ಟವಿರುವುದು ಸಾಬೀತು ಮಾಡುವುದರಲ್ಲಿ. ಬಿಳಿ ಪುಡಿಗೆ ಬಿಳಿ ಪುಡಿ ಬೆರೆತರೆ ಬರುವುದೂ ಬಿಳಿ ಪುಡಿಯೇ. ಪುಡಿಯ ಎಕ್ಸ್-ರೇ ನಕ್ಷೆಯಲ್ಲಿ ಹಳೆಯ ಗೆರೆಗಳು ಮಾಯವಾಗಿ ಹೊಸವು ಮೂಡಿರಬೇಕು. ಕರಗುವ ಬಿಂದು ಕೂಡ ಸುಳಿವು ಕೊಡುತ್ತದೆ: ಕಾರ್ಬಮಜೆಪಿನ್ ಸುಮಾರು 190 ಡಿಗ್ರಿ, ಸ್ಯಾಕರಿನ್ ಸುಮಾರು 228, ಇವುಗಳ ಸಹಸ್ಫಟಿಕ ಸುಮಾರು 175. ಆದರೆ ಬರೀ ಮಿಶ್ರಣವೂ ಕಡಿಮೆ ಶಾಖಕ್ಕೆ ಕರಗಬಲ್ಲದು. ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ.

ಜೊತೆಗಾರ ಆಮ್ಲವಾಗಿದ್ದರೆ ಇನ್ನೊಂದು ತಕರಾರು: ಪ್ರೋಟಾನ್ ಪೂರ್ತಿ ಆಚೆ ದಾಟಿದರೆ ಅದು ಲವಣ, ದಾಟದಿದ್ದರೆ ಸಹಸ್ಫಟಿಕ. ಒಂದೇ ಎಲೆಕ್ಟ್ರಾನ್ ಇರುವ ಹೈಡ್ರೋಜನ್ ಎಕ್ಸ್-ರೇ ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೇ ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಕಾರ್ಬಾಕ್ಸಿಲಿಕ್ ಆಮ್ಲದ ಇಂಗಾಲ-ಆಕ್ಸಿಜನ್ ಬಂಧಗಳೆರಡರ ಉದ್ದ ಸುಮಾರು 1.21 ಮತ್ತು 1.31 ಆಂಗ್‌ಸ್ಟ್ರಾಮ್ ಇದ್ದರೆ ಪ್ರೋಟಾನ್ ಮನೆಯಲ್ಲೇ ಇದೆ. ಎರಡೂ 1.25ರ ಆಸುಪಾಸಿಗೆ ಬಂದರೆ, ಹೊರಟುಹೋಗಿದೆ.

ಮಾರುಕಟ್ಟೆಗೆ ಬಂದ ಸಹಸ್ಫಟಿಕಗಳು ಬೆರಳೆಣಿಕೆಯಷ್ಟು. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಗ್ಲೆಂಟಿಸ್‌ನಲ್ಲಿ ಸೆಲೆಕಾಕ್ಸಿಬ್, ಟ್ರಮಡಾಲ್ ಎಂಬ ಎರಡು ನೋವುನಿವಾರಕಗಳೇ ಒಂದೇ ಹರಳಿನಲ್ಲಿವೆ. ಸಂಶೋಧನಾ ಪ್ರಬಂಧಗಳ ರಾಶಿಗೆ ಹೋಲಿಸಿದರೆ ಈ ಫಸಲು ಬಡಕಲು. ಕಂಪನಿಗಳ ಉತ್ಸಾಹದ ಹಿಂದೆ ಪೇಟೆಂಟ್ ಆಸೆಯೂ ಇದೆ. ಗೊತ್ತಿರುವ ಔಷಧದ ಹೊಸ ರೂಪಕ್ಕೆ ಭಾರತದ ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಸುಲಭಕ್ಕೆ ಮಣಿಯುವುದಿಲ್ಲ. 2013ರ ನೊವಾರ್ಟಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸಕ ಪರಿಣಾಮ ಹೆಚ್ಚಿದೆ ಎಂದು ತೋರಿಸಲೇಬೇಕೆಂದಿತು. ನನಗದು ನ್ಯಾಯವಾಗಿಯೇ ಕಾಣುತ್ತದೆ. ಕಾರ್ಬಮಜೆಪಿನ್-ಸ್ಯಾಕರಿನ್ ಜೋಡಿಯನ್ನು ನಾಯಿಗಳಿಗೆ ಕೊಟ್ಟು ನೋಡಿದಾಗ, ರಕ್ತ ಸೇರಿದ ಔಷಧದ ಪ್ರಮಾಣ ಮಾರುಕಟ್ಟೆಯ ಮಾತ್ರೆಗೆ ಸರಿಸಮವಾಗಿತ್ತು; ಹರಳಿನ ಸ್ಥಿರತೆಯೂ ಚೆನ್ನಾಗಿತ್ತು. ಒಳ್ಳೆಯ ಮಾತ್ರೆಗೆ ಇಷ್ಟು ಸಾಕು, ಹೊಸ ಪೇಟೆಂಟ್‌ಗೆ ಸಾಲದು.